ಡಚ್ಚು ಭಾಷೆಯಲ್ಲಿ ನಿಷೇಧವೂ ವಿಧ್ಯಭಾವವೂ

ಲಿಙ್ ಪ್ರತ್ಯಯದೊಡನೆ ನಞ್ ಅನ್ವಯಿಸಿದಾಗ ಅದು ಪ್ರವರ್ತನೆಯ ಅಭಾವಮಾತ್ರವನ್ನು ತಿಳಿಸದೆ, ಅದಕ್ಕೆ ವಿರುದ್ಧವಾದ ನಿವರ್ತನೆಯನ್ನೇ ಬೋಧಿಸುವುದೆಂದು ಮೀಮಾಂಸಕರು ಕಲಂಜಭಕ್ಷಣ ನಿಷೇಧದ ವಿಚಾರದಲ್ಲಿ ನಿರ್ಣಯಿಸಿರುವರು. ವಿಧಿಯಿಲ್ಲದಿರುವುದು ಬೇರೆ, ನಿಷೇಧವಿರುವುದು ಬೇರೆ. ಕನ್ನಡದಲ್ಲಿ ಈ ಭೇದವು “ಮಾಡಬೇಕಾಗಿಲ್ಲ”, “ಮಾಡಬಾರದು” ಎಂಬ ರೂಪಗಳಲ್ಲಿಯೇ ಸ್ಪಷ್ಟವಾಗಿದೆ. ಡಚ್ಚು ಭಾಷೆಯಾದರೋ ಇದನ್ನು ಎರಡು ಬೇರೆ ಧಾತುಗಳಿಂದ ಸಾಧಿಸುತ್ತದೆ.

ಆ ಭಾಷೆಯನ್ನು ಪರಭಾಷಿಕರಿಗೆ ಕಲಿಸುವ ಪುಸ್ತಕಗಳಲ್ಲಿ, “ಬೇಕು” ಎಂಬರ್ಥದ “ಮೂಟೆನ್” ಧಾತುವಿಗೆ ನಿಷೇಧದಲ್ಲಿ “ಹೂವೆನ್” ಆದೇಶವಾಗುವುದೆಂಬ ಸೂತ್ರವು ಸಾಮಾನ್ಯವಾಗಿ ಕಾಣಬರುವುದು. ಸೂತ್ರವು ಲಘುವೇನೋ ಹೌದು, ನಿರ್ದುಷ್ಟವಲ್ಲ. “ಯೆ ಮೂಟ್ ಡಟ್ ನೀಟ್ ಡೂನ್” ಎಂಬ ವಾಕ್ಯವೂ ಸಾಧುವೇ. ಅದರ ಅರ್ಥ “ನೀನು ಅದನ್ನು ಮಾಡತಕ್ಕದ್ದಲ್ಲ” ಎಂದು. (ಕಟ್ಟುನಿಟ್ಟಾದ ನಿಷೇಧಕ್ಕೆ “ಮಾಖ್ ನೀಟ್” ಎಂಬುದೇ ರೂಢಿ.) “ಯೆ ಹೂಫ್ಟ್ ಡಟ್ ನೀಟ್ ಟೆ ಡೂನ್” ಎಂದರೆ “ಮಾಡಬೇಕಾಗಿಲ್ಲ” ಎಂದರ್ಥ. ನಞರ್ಥಕವಾದ “ನೀಟ್” ಎಂಬುದು ಎರಡರಲ್ಲಿಯೂ ಒಂದೇ ಸ್ಥಾನದಲ್ಲಿದೆ. ಆದುದರಿಂದ ಇಲ್ಲಿಯ ಅರ್ಥಭೇದಕ್ಕೆ ಪದಕ್ರಮವು ಕಾರಣವಲ್ಲ, ಧಾತುವೇ ಕಾರಣ.

ಇಷ್ಟರಿಂದ “ಹೂವೆನ್” ಧಾತುವು ತಾನೇ ನಿಷೇಧಾರ್ಥಕವೆಂದು ಭ್ರಮಿಸಲಾಗದು. “ಯೆ ಹೂಫ್ಟ್ ಮಾರ್ ಟೆ ವ್ರಾಖೆನ್” ಎಂದರೆ “ನೀನು ಕೇಳಿದರೆ ಸಾಕು” ಎಂದರ್ಥ. ಇಲ್ಲಿ ನಞ್ ಇಲ್ಲ, ಅವಧಾರಣವಾಚಕವಾದ “ಮಾರ್” ಇದೆ. 1984ರಲ್ಲಿ ಮೊದಲು ಅಚ್ಚಾಗಿ 1997ರಲ್ಲಿ ಪರಿಷ್ಕೃತವಾದ ಡಚ್ಚು ಬೃಹದ್ವ್ಯಾಕರಣವು ನಿಷೇಧದೊಡನೆ ಇಂತಹ ಅವಧಾರಣವನ್ನೂ ಈ ಧಾತುವಿನ ಪ್ರಯೋಗಕ್ಕೆ ನಿಮಿತ್ತವೆಂದು ಹೇಳಿರುವುದು ಯುಕ್ತವಾಗಿದೆ.

ದೇಶಭೇದದ ವಿಷಯವು ಇದಕ್ಕಿಂತ ಗುರುತರವಾದುದು. ಬೆಲ್ಜಿಯಂ ದೇಶದ ಡಚ್ಚು ಭಾಷಿಕರಲ್ಲಿ “ಮೂಟ್ ನೀಟ್” ಎಂಬುದೇ “ಬೇಕಾಗಿಲ್ಲ” ಎಂಬರ್ಥದಲ್ಲಿ ಬಹುಳವಾಗಿ ಬಳಕೆಯಲ್ಲಿದೆ. ಮೇಲಿನ ಮೊದಲನೆಯ ವಾಕ್ಯವನ್ನೇ ಆಂಟ್‌ವರ್ಪಿನವನು ವಿನಾಯಿತಿಯೆಂದೂ ಆಮ್‌ಸ್ಟರ್‌ಡಾಮಿನವನು ನಿವಾರಣೆಯೆಂದೂ ತಿಳಿಯಬಹುದು. ವೈದ್ಯನು ರೋಗಿಗೆ ಔಷಧದ ವಿಷಯವಾಗಿ ಆಡಿದ ಮಾತಾದರೆ ಈ ವ್ಯತ್ಯಾಸವು ಸಾಮಾನ್ಯವೇ? ಇದನ್ನು ಹೇಳದೆ ಬಿಟ್ಟ ಸೂತ್ರವು ವಿದ್ಯಾರ್ಥಿಯನ್ನು ಅರ್ಧದಾರಿಯಲ್ಲಿ ಕೈಬಿಟ್ಟಂತೆಯೇ ಸರಿ.

ಪದಕ್ರಮದಲ್ಲಿ ಕನ್ನಡಿಗರು ಗಮನಿಸತಕ್ಕ ಅಂಶವು ಅಧೀನವಾಕ್ಯದಲ್ಲಿದೆ. ಪ್ರಧಾನವಾಕ್ಯದಲ್ಲಿ ಎರಡನೆಯ ಸ್ಥಾನದಲ್ಲಿ ನಿಲ್ಲುವ ಕ್ರಿಯಾಪದವು ಅಲ್ಲಿ ಕೊನೆಗೆ ಸರಿಯುವುದು: “ಓಮ್‌ಡಟ್ ಯೆ ನೀಟ್ ಹೂಫ್ಟ್ ಟೆ ಕೋಮೆನ್”, ಅಂದರೆ “ನೀನು ಬರಬೇಕಾಗಿಲ್ಲವಾದುದರಿಂದ”. ಕ್ರಿಯೆಗಳೆಲ್ಲವೂ ಕೊನೆಯಲ್ಲಿ ಕೂಡಿರುವುದರಿಂದ ಕನ್ನಡದ ಜಾಡೇ ಎಂದು ತೋರುವುದು. ಆದರೆ ಕನ್ನಡದಲ್ಲಿ ಮೊದಲು ಬರುವಿಕೆ, ಬಳಿಕ ಆವಶ್ಯಕತೆ, ಕಡೆಗೆ ನಿಷೇಧ. ಡಚ್ಚಿನಲ್ಲಿ ಮೊದಲು ನಿಷೇಧ, ಬಳಿಕ ಆವಶ್ಯಕತೆ, ಕಡೆಗೆ ಬರುವಿಕೆ. ಒಂದು ಮತ್ತೊಂದರ ಪ್ರತಿಬಿಂಬದಂತಿದೆ. ಭೂತಕಾಲದ “ಇಕ್ ಹೆಪ್ ನೀಟ್ ಹೂವೆನ್ ಕೋಮೆನ್” ಎಂಬಲ್ಲಿ ಕೃದಂತಕ್ಕೆ ಬದಲಾಗಿ “ಹೂವೆನ್” ಎಂಬ ಮೂಲರೂಪವೇ ನಿಲ್ಲುವುದು. “ಟೆ” ಎಂಬುದೂ ವಿಕಲ್ಪವಾಗಿ ಲೋಪಹೊಂದುವುದು.