ಗಂಡಸರ ಸೊಂಟಕ್ಕೊಂದು ಜರಿಯ ಸೊಗಸು

ಈದ್ ಹತ್ತಿರವಾದಂತೆ ಮಲೇಷ್ಯಾದ ಬಟ್ಟೆ ಅಂಗಡಿಗಳಲ್ಲಿ ಸಂಪಿಂಗ್‌ಗಳ ರಾಶಿ ಏಳುತ್ತದೆ. ಬಾಜು ಮೆಲಾಯು ಎಂಬ ಸಾಂಪ್ರದಾಯಿಕ ಉಡುಪು ತೊಟ್ಟ ಗಂಡಸರು ಪ್ಯಾಂಟಿನ ಮೇಲೆ, ಸೊಂಟದಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುವ ಬಟ್ಟೆಯಿದು. ಹೊರದೇಶದ ಯಂತ್ರಮಗ್ಗದಿಂದ ಬಂದದ್ದು ಅಗ್ಗ. ತೆರೆಂಗಾನು ರಾಜ್ಯದ ಕೈಮಗ್ಗದ ಜರಿಬಟ್ಟೆ ಸೊಂಗ್ಕೆಟ್‌ ಬೇಕೆಂದರೆ ಸಾವಿರಾರು ರಿಂಗಿಟ್ ತೆರಬೇಕಾದೀತು.

ಆ ಬೆಲೆ ಏಕೆಂದು ಮಗ್ಗದ ಬಳಿ ನಿಂತರೆ ತಿಳಿಯುತ್ತದೆ. ನೇಯುವಾಕೆ ಹಾಸಿನ ಎಳೆಗಳನ್ನು ಎಣಿಸಿ ಕಡ್ಡಿಯಿಂದ ಮೇಲೆತ್ತುತ್ತಾಳೆ, ವಿನ್ಯಾಸದ ಸಾಲುಸಾಲಿಗೂ ದಾರದ ಕುಣಿಕೆ ಕಟ್ಟಿಡುತ್ತಾಳೆ. ತಳದ ಬಟ್ಟೆಗೆ ರೇಷ್ಮೆಯ ಹೊಕ್ಕು, ಚಿತ್ತಾರಕ್ಕೆ ಜರಿಯ ಹೆಚ್ಚುವರಿ ಹೊಕ್ಕು. ಬಿದಿರಿನ ಕಳಲೆಯನ್ನು ಹೋಲುವ ಚೂಪು ತ್ರಿಕೋನಗಳು ಹೀಗೆ ಒಂದೊಂದೇ ಗೆರೆಯಾಗಿ ಎದ್ದುಬರುತ್ತವೆ. ಬಟ್ಟೆ ಮುಗಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

2021ರಲ್ಲಿ ಯುನೆಸ್ಕೊ ಸೊಂಗ್ಕೆಟ್ ನೇಯ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೊಂಗ್ಕೆಟ್ ಹಾಗೆಯೇ, ಒಡಲಿನ ಮತ್ತು ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸುವ ನಮ್ಮ ಇಳಕಲ್ ಸೀರೆಯೂ ಯಂತ್ರಮಗ್ಗದ ಪೈಪೋಟಿ ಎದುರಿಸುತ್ತಲೇ ಬಂದಿದೆ. ಮನೆಮಂದಿಗೆಲ್ಲ ಹಬ್ಬದ ಬಟ್ಟೆ ತರುವವರು ಅಗ್ಗದ ಸಂಪಿಂಗ್ ಕೊಂಡರೆ ತಪ್ಪೇನಿಲ್ಲ. ಮದುವೆಗೆಂದು ಒಂದನ್ನೇ ಕೊಳ್ಳುವುದಾದರೆ ಮಾತ್ರ ಕೈಮಗ್ಗದ್ದೇ ಸರಿ. ಕ್ವಾಲಾ ತೆರೆಂಗಾನುವಿನ ಪಾಸಾರ್ ಪಾಯಾಂಗ್ ಮಾರುಕಟ್ಟೆಯಲ್ಲಿ ಬಾತಿಕ್ ಜೊತೆಗೇ ಸೊಂಗ್ಕೆಟ್ ಸಿಗುತ್ತದೆ. ಎಲ್ಲಿ ನೇಯ್ದದ್ದು, ಕೈಮಗ್ಗದ್ದೇ ಎಂದು ಕೇಳಿ ಕೊಳ್ಳಬೇಕು.