ಚಂದ್ರಹಾಸನ ಆರನೆಯ ಬೆರಳು

ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬ ಅಭಿಮಾನವು ನಮ್ಮ ಸೀಮೆಯವರಿಗೆ ಸಹಜವಾದುದು. ಆತನ ನಾದಮಾಧುರ್ಯವನ್ನೂ ಉಪಮಾಕೌಶಲವನ್ನೂ ಕುರಿತು ಬಲ್ಲವರು ಬಹಳವಾಗಿ ಬರೆದಿದ್ದಾರೆ. ಚಂದ್ರಹಾಸೋಪಾಖ್ಯಾನದ ಒಂದು ಜನ್ಮಲಕ್ಷಣದಲ್ಲಿ ಇಂದಿನ ಗೃಹಸ್ಥರಿಗೆ ಗ್ರಾಹ್ಯವಾದುದೇನು, ತ್ಯಾಜ್ಯವಾದುದೇನು ಎಂಬಷ್ಟೇ ಈ ಲೇಖನದ ವಿಚಾರ.

ಚಂದ್ರಹಾಸನು ಮೂಲಾನಕ್ಷತ್ರದಲ್ಲಿ, ಎಡಗಾಲಿನಲ್ಲಿ ಆರು ಬೆರಳುಗಳೊಡನೆ ಹುಟ್ಟಿದ ಶಿಶು. ತಂದೆ ಯುದ್ಧದಲ್ಲಿ ಮಡಿಯುತ್ತಾನೆ, ತಾಯಿಯೂ ಇಲ್ಲವಾಗುತ್ತಾಳೆ. ದಾದಿಯೊಬ್ಬಳು ಕೂಸನ್ನೆತ್ತಿಕೊಂಡು ಕುಂತಳಪುರಕ್ಕೆ ಬಂದು ಸಾಕುತ್ತಾಳೆ. ಮುಂದೆ ದುಷ್ಟಬುದ್ಧಿಯು ಕಳುಹಿಸಿದ ಕೊಲೆಗಾರರು ಕನಿಕರಗೊಂಡು ಆ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಗುರುತಾಗಿ ಒಯ್ಯುತ್ತಾರೆ. ಬಳಿಕ ಬಾಲಕನ ಭಾಗ್ಯವು ತೆರೆಯುತ್ತದೆ. ಅಂಗದ ಹೆಚ್ಚಳವೇ ಅನಿಷ್ಟದ ಗುರುತು. ಅದು ಕಳೆಯಲು ಅನಿಷ್ಟವೂ ಕಳೆಯಿತು. ಕಾವ್ಯನ್ಯಾಯವಾಗಿ ಇದು ರಮ್ಯ. ಲೋಕನ್ಯಾಯವೆಂದು ಗ್ರಹಿಸಿದರೆ ಅನರ್ಥ.

ಅನರ್ಥವೆಂತೆಂದರೆ, ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು ೮ ಅಥವಾ ೯ಕ್ಕೆ ಹೃದಯದ ರಚನೆಯಲ್ಲಿಯೇ ಕೊರತೆಯಿರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳೂ ಇದಕ್ಕೆ ಹೊರತಲ್ಲ. ಅಂತಹ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆಯು ಮಗುವಿನದಲ್ಲ, ತಾಯಿಯದು: ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ಏನು ತಿಂದಿದ್ದೆ? ಈ ದೂಷಣೆಗೆ ಶಾಸ್ತ್ರದ ಬೆಂಬಲವೂ ಉಂಟು. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದರಿಂದ ಗರ್ಭಿಣಿಯು ಎರಡು ಹೃದಯಗಳುಳ್ಳ ದೌಹೃದಿನಿಯೆಂದೂ, ಅವಳ ಬಯಕೆ ತೀರದಿದ್ದರೆ ಶಿಶುವು ವಿಕಲವಾಗುವುದೆಂದೂ ಸುಶ್ರುತನು ಹೇಳುತ್ತಾನೆ. ಬಯಕೆಯನ್ನು ಆದರಿಸಬೇಕೆಂಬ ದಯೆ ಪೂಜ್ಯವೇ. ಆದರೆ ಗರ್ಭದ ಹೃದಯವು ನಾಲ್ಕನೆಯ ವಾರದಲ್ಲಿಯೇ ಮಿಡಿಯತೊಡಗಿ, ಎಂಟನೆಯ ವಾರದ ಹೊತ್ತಿಗೆ ಅದರ ಕೋಣೆಗಳೂ ಗೋಡೆಗಳೂ ಬಹುಮಟ್ಟಿಗೆ ರೂಪುಗೊಂಡಿರುತ್ತವೆಂದು ಈಗ ತಿಳಿದಿದೆ. ನಾಲ್ಕನೆಯ ತಿಂಗಳ ಬಯಕೆಗೆ ಅಲ್ಲಿ ಮಾಡಬಹುದಾದ ಕೇಡೇ ಉಳಿದಿಲ್ಲ. ರುಬೆಲ್ಲಾ ಜ್ವರ, ತಾಯಿಯ ಹತೋಟಿಗೆ ಬಾರದ ಮಧುಮೇಹ, ವರ್ಣತಂತುಗಳ ವ್ಯತ್ಯಾಸ ಮುಂತಾದುವು ಕೆಲವೆಡೆ ಕಾರಣ; ಬಹುಪಾಲು ಮಕ್ಕಳಲ್ಲಿ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು.

ಕವಿಗಳು ನೀಲವರ್ಣವನ್ನು ಹೊಗಳುವರು. ಕೂಸಿನ ತುಟಿಯುಗುರುಗಳು ನೀಲಿಯಾದರೆ ಅದು ವರ್ಣನೆಯ ವಸ್ತುವಲ್ಲ. ಆಟದ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತು ಏದುವ ಹುಡುಗನನ್ನು ಸೋಮಾರಿಯೆಂದು ಗದರಿಸುವ ಮುನ್ನ ಉಪಾಧ್ಯಾಯರು ಯೋಚಿಸಬೇಕು. ೧೯೪೪ರ ನವೆಂಬರ್ ೨೯ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಬ್ಲೇಲಾಕ್, ಟೌಸಿಗ್, ವಿವಿಯನ್ ಥಾಮಸ್ ಎಂಬವರ ಯತ್ನದಿಂದ ಇಂತಹ ನೀಲಶಿಶುವಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಇಂದು ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿಯೂ ನಾರಾಯಣ ಹೃದಯಾಲಯದಲ್ಲಿಯೂ ಮಕ್ಕಳ ಹೃದಯಕ್ಕೆ ಚಿಕಿತ್ಸೆಯುಂಟು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡುವಾಗ ಈ ಕೊರತೆಯನ್ನೂ ನೋಡಬೇಕೆಂಬ ವಿಧಿಯಿದೆ. ಕೆಲವು ಸಣ್ಣ ರಂಧ್ರಗಳು ತಾವಾಗಿಯೇ ಮುಚ್ಚುತ್ತವೆ. ಕೆಲವಕ್ಕೆ ಶಸ್ತ್ರವೇ ಗತಿ. ಆದರೆ ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟಷ್ಟು ದಿನವೂ ಮಗುವಿನ ಪಾಲಿಗೆ ನಷ್ಟ.

ಬೆರಳನ್ನು ಕಡಿದರೆ ಕಥೆ ಮುಂದುವರಿಯುತ್ತದೆ. ಹೃದಯದ ವಿಷಯ ಹಾಗಲ್ಲ. ಚಿಕಿತ್ಸೆಯಾದ ಮೇಲೆಯೂ ಅನೇಕರಿಗೆ ಆಯುಷ್ಯವಿಡೀ ವೈದ್ಯರ ಪರೀಕ್ಷೆ ಬೇಕು. ದಂತಶುದ್ಧಿಯಲ್ಲಿ, ಜ್ವರದಲ್ಲಿ, ಹೆಣ್ಣುಮಕ್ಕಳ ಬಸಿರಿನಲ್ಲಿ ಎಚ್ಚರ ಬೇಕು. ಅಂದರೆ ಇಲ್ಲಿ ನಡೆಯಬೇಕಾದುದು ಕತ್ತಿಯ ಒಂದು ಗಳಿಗೆಯ ಕೆಲಸಕ್ಕಿಂತ ಮಿಗಿಲಾಗಿ ದಾದಿಯ ನಿತ್ಯದ ಕೆಲಸ. ಆ ದಾದಿಯನ್ನು ಕಥೆಯು ಬೇಗನೆ ಬೀಳ್ಕೊಡುತ್ತದೆ. ನನ್ನ ಅಲ್ಪಮತಿಗೆ ತೋರುವಂತೆ ಉಪಾಖ್ಯಾನದ ನ್ಯೂನತೆಯು ಇದೊಂದೇ. ಮೂಲಾನಕ್ಷತ್ರವನ್ನೂ ಆರನೆಯ ಬೆರಳನ್ನೂ ಲೆಕ್ಕಿಸದೆ ಕೂಸನ್ನು ಎತ್ತಿಕೊಂಡವಳು ಅವಳು.

ನಮ್ಮ ಊರುಗಳಲ್ಲಿ ಜೈಮಿನಿಯ ವಾಚನ ನಡೆಯುವಾಗ ಈ ಸಂಧಿಗಳಿಗೆ ಅರ್ಥ ಹೇಳುವ ವಿದ್ವಾಂಸರಲ್ಲಿ ಒಂದು ವಿಜ್ಞಾಪನೆ: ಜನ್ಮಲಕ್ಷಣವು ತಾಯಿಯ ಪಾಪವಲ್ಲವೆಂಬ ಒಂದು ವಾಕ್ಯವನ್ನು ವ್ಯಾಖ್ಯಾನದಲ್ಲಿ ಸೇರಿಸಬೇಕು. ಕಾವ್ಯಕ್ಕೆ ಇದರಿಂದ ಕುಂದಿಲ್ಲ. ಕೇಳುತ್ತ ಕುಳಿತ ಯಾವಳೋ ಒಬ್ಬ ತಾಯಿಗೆ ತಲೆಯೆತ್ತಲು ಅನುಕೂಲವಾದೀತು.