ಎಂಟು ತಂತಿಗಳ ಪ್ರಯೋಜನ

ತಂತಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ವಾದ್ಯದ ಗುಣವು ಹೆಚ್ಚುವುದಿಲ್ಲ. ಹೆಚ್ಚಿದ ತಂತಿಯು ಯಾವ ಕೊರತೆಯನ್ನು ತುಂಬಿತೆಂಬುದೇ ವಿಮರ್ಶಕನು ವಿಚಾರಿಸತಕ್ಕ ವಿಷಯವು. ಕನ್ನಡ ನಾಡಿನಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳನ್ನು ಏಳಕ್ಕೆ ಏರಿಸಿದುದು ಸ್ವರವಿಸ್ತಾರಕ್ಕಾಗಿಯಲ್ಲ. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ನಾದವು ಕಡೆಯ ಸಾಲಿಗೂ ಮುಟ್ಟಲೆಂದು.

ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದಲ್ಲಿ ಬಳಕೆಗೆ ಬಂದಿರುವ ಎಂಟು ತಂತಿಯ ವಿದ್ಯುತ್ ಗಿಟಾರನ್ನೂ ಇದೇ ಒರೆಗಲ್ಲಿಗೆ ಹಚ್ಚಬಹುದು. ಆರು ತಂತಿಯ ಗಿಟಾರಿನ ಅತಿ ಮಂದ್ರಸ್ವರಕ್ಕೆ ಸೆಕೆಂಡಿಗೆ ಸುಮಾರು 82 ಕಂಪನಗಳು. ಎಂಟು ತಂತಿಯದಕ್ಕೆ ಸುಮಾರು 46. ಇಷ್ಟು ಕೆಳಗಿಳಿದುದರಿಂದಲೇ ಈ ಸಂಗೀತಕ್ಕೆ ಗುರುತ್ವವು ಬಂದಿತೆಂಬ ವಾದವು ನಿಲ್ಲದು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ತಂಡದವರೂ 2011ರಲ್ಲಿ ಮೆಟಾಲಿಕಾ ತಂಡದವರೂ ಸಹಸ್ರಾರು ಶ್ರೋತೃಗಳನ್ನು ಸೆಳೆದುದು ಆರು ತಂತಿಯ ಗಿಟಾರುಗಳಿಂದಲೇ.

ಹಾಗಾದರೆ ಹೆಚ್ಚಿನ ತಂತಿಯ ಪ್ರಯೋಜನವೇನು? ಸ್ವೀಡನ್ ದೇಶದ ಮೆಶುಗಾ ತಂಡದ 'ನಥಿಂಗ್' ಎಂಬ ಧ್ವನಿಮುದ್ರಿಕೆಯು ಇದಕ್ಕೆ ಉತ್ತರವೀಯುವುದು. 2002ರಲ್ಲಿ ಅವರು ಏಳು ತಂತಿಯ ಗಿಟಾರುಗಳನ್ನು ಸಡಿಲಿಸಿ ನುಡಿಸಿದರು. 2006ರಲ್ಲಿ ಅವೇ ಕೃತಿಗಳ ಗಿಟಾರು ಭಾಗವನ್ನು ಎಂಟು ತಂತಿಯ ವಾದ್ಯದಲ್ಲಿ ಮತ್ತೆ ನುಡಿಸಿ ಪ್ರಕಟಿಸಿದರು. ಮಂದ್ರಸ್ವರವು ಮೊದಲೇ ದೊರೆತಿದ್ದಿತು, ಬೇಕಾಗಿದ್ದುದು ಬಿಗಿ. ಸಡಿಲವಾದ ತಂತಿಯನ್ನು ಬಲವಾಗಿ ಮೀಟಿದರೆ ಶ್ರುತಿಯು ಕ್ಷಣಕಾಲ ಏರಿ ಬಳಿಕ ಇಳಿಯುವುದು. ದಪ್ಪವಾದ ತಂತಿಯನ್ನು ಮೇರುವಿನಿಂದ ಕುದುರೆಯವರೆಗೆ 27 ಅಂಗುಲ ಅಥವಾ ಅದಕ್ಕೂ ಹೆಚ್ಚು ಉದ್ದಕ್ಕೆ ಎಳೆದು ಕಟ್ಟಿದಾಗ ಈ ದೋಷವು ತಗ್ಗುವುದು.

ಈ ಬಿಗಿಯು ಅವರಿಗೆ ಅಗತ್ಯವಾದುದು ಲಯದ ಕಾರಣದಿಂದ. ನಾಲ್ಕೆಣಿಕೆಯ ನಡೆಯ ಮೇಲೆ ಬೆಸಸಂಖ್ಯೆಯ ಅಕ್ಷರಗಳ ಗತಿಯನ್ನು ಹರಿಯಬಿಟ್ಟು, ದೂರದಲ್ಲಿ ಎರಡನ್ನೂ ಕೂಡಿಸುವುದು ಅವರ ಪದ್ಧತಿ; ಮೃದಂಗದ ಮುಕ್ತಾಯವನ್ನು ಬಲ್ಲವರಿಗೆ ಇದು ತೀರ ಹೊಸತಲ್ಲ. ಇಲ್ಲಿ ಮಂದ್ರತಂತಿಯು ಗಾಯನವನ್ನಲ್ಲ, ತಾಳವಾದ್ಯದ ಕೆಲಸವನ್ನು ಮಾಡುತ್ತದೆ. ಪ್ರತಿಯೊಂದು ಪೆಟ್ಟಿನ ಅಂಚೂ ಸ್ಪಷ್ಟವಾಗಿರಬೇಕು. ಅದನ್ನರಿಯದೆ ಅದೇ ತಂತಿಯಲ್ಲಿ ಸ್ವರಗುಚ್ಛಗಳನ್ನು ನುಡಿಸುವ ಅನುಕರಣಕಾರರಲ್ಲಿ, ವಿದ್ಯುತ್ತಿನಿಂದ ಒರಟುಗೊಳಿಸಿದ ನಾದವು ಕಲಸಿಹೋಗಿ ಕೆಸರಾಗುವುದು.

ಧ್ವನಿವರ್ಧಕವು ಬಂದ ಬಳಿಕ ಚೌಡಯ್ಯನವರ ಏಳು ತಂತಿಗಳ ಅಗತ್ಯವು ತಪ್ಪಿತು. ಇಂದಿನ ಪಿಟೀಲುವಾದಕರಲ್ಲಿ ಬಹುಮಂದಿ ನಾಲ್ಕು ತಂತಿಗಳಲ್ಲಿಯೇ ತೃಪ್ತರು. ಅಗತ್ಯವಿರುವವರೆಗೆ ಮಾತ್ರ ತಂತಿಯು ಬಾಳುವುದು. ಧ್ವನಿವರ್ಧಕವು ನಾದವನ್ನು ಹಿಗ್ಗಿಸಬಲ್ಲುದು, ತಂತಿಗೆ ಬಿಗಿಯನ್ನು ಕೊಡಲಾರದು. ಆದುದರಿಂದ ಲಯಕ್ಕಾಗಿ ಬಂದ ಎಂಟನೆಯ ತಂತಿಯು ನಿಲ್ಲಬಹುದು. ಆಡಂಬರಕ್ಕಾಗಿ ಬಂದುದು ನಿಲ್ಲದು.